ಪಿಸಿಒಡಿ ಸ್ಕ್ಯಾನಿಂಗ್: ಗುಳ್ಳೆ ಎಣಿಸಿದ ಮಾತ್ರಕ್ಕೆ ರೋಗ ತಿಳಿದೀತೆ?

ಮುಟ್ಟು ತಡವಾಗುತ್ತಿದೆ ಎಂದು ವೈದ್ಯರ ಬಳಿ ಹೋಗುವ ಯುವತಿಯರ ಕೈಗೆ ಇಂದು ಸಾಮಾನ್ಯವಾಗಿ ಮೊದಲು ಬರುವುದು ಸ್ಕ್ಯಾನಿಂಗ್ ಚೀಟಿ. ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಕಟ್ಟಿಕೊಂಡು, ಸರದಿಗಾಗಿ ಕಾದು, ಕೆಲವೇ ನಿಮಿಷಗಳ ಪರೀಕ್ಷೆ ಮುಗಿಸಿ ಹೊರಬಂದಾಗ ವರದಿಯ ಕೊನೆಯ ಸಾಲಿನಲ್ಲಿ ‘ಪಾಲಿಸಿಸ್ಟಿಕ್ ಅಂಡಾಶಯ’ ಎಂಬ ಎರಡು ಪದಗಳಿರುತ್ತವೆ. ಅಲ್ಲಿಂದ ಮುಂದೆ ಆಕೆ ಮನೆಯವರ ಬಾಯಲ್ಲಿ ‘ಪಿಸಿಒಡಿ ಇರುವ ಹುಡುಗಿ’. ‘ಗರ್ಭಕೋಶದಲ್ಲಿ ನೀರುಗುಳ್ಳೆ ಇದೆಯಂತೆ’ ಎಂಬ ಪಿಸುಮಾತು ನೆಂಟರಿಷ್ಟರವರೆಗೂ ಹಬ್ಬುತ್ತದೆ. ಮುಂದೆ ಮಕ್ಕಳಾಗುವುದೋ ಇಲ್ಲವೋ ಎಂಬ ಚಿಂತೆ, ಗಂಡಿನ ಕಡೆಯವರಿಗೆ ಹೇಳಬೇಕೋ ಬೇಡವೋ ಎಂಬ ತಾಕಲಾಟ ಶುರುವಾಗುತ್ತದೆ.

ವಾಸ್ತವವಾಗಿ ಆ ಎರಡು ಪದಗಳು ಪರದೆಯ ಮೇಲೆ ಕಂಡ ಚಿತ್ರವೊಂದರ ವರ್ಣನೆಯೇ ಹೊರತು ರೋಗದ ಹೆಸರಲ್ಲ. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಒಎಸ್, ಹಲವು ಲಕ್ಷಣಗಳು ಕೂಡಿದಾಗ ಮಾತ್ರ ಕೊಡಬಹುದಾದ ಹೆಸರು. ಸ್ಕ್ಯಾನ್ ಚಿತ್ರ ಆ ಲಕ್ಷಣಗಳಲ್ಲಿ ಒಂದು. ಕೆಲವರಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಹದಿಹರೆಯದ ಹೆಣ್ಣುಮಕ್ಕಳ ವಿಷಯದಲ್ಲಂತೂ ಅದನ್ನು ರೋಗ ನಿರ್ಣಯಕ್ಕೆ ಬಳಸಲೇಬಾರದು ಎಂದು 2018 ಮತ್ತು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳಿವೆ. ಹೀಗಿದ್ದರೂ ಜನಸಾಮಾನ್ಯರ ಮನಸ್ಸಿನಲ್ಲಿ ‘ಸ್ಕ್ಯಾನಿಂಗ್‌ನಲ್ಲಿ ಬಂದಿದೆ’ ಎಂಬುದೇ ಅಂತಿಮ ತೀರ್ಪು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಈ ಸಂದರ್ಭಕ್ಕೆಂದೇ ಹುಟ್ಟಿದಂತಿದೆ.

ಹೆಸರೇ ಹಿಡಿಸಿದ ತಪ್ಪು ದಾರಿ

ಗೊಂದಲದ ಮೂಲ ಕಾಯಿಲೆಯ ಹೆಸರಿನಲ್ಲೇ ಇದೆ. 1935ರಲ್ಲಿ ಅಮೆರಿಕದ ಷಿಕಾಗೊ ನಗರದ ಸ್ತ್ರೀರೋಗ ತಜ್ಞರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಏಳು ಮಂದಿ ಮಹಿಳೆಯರ ಬಗ್ಗೆ ಒಂದು ವರದಿ ಪ್ರಕಟಿಸಿದರು. ಮುಟ್ಟು ನಿಂತುಹೋಗುವುದು, ಮುಖ ಮೈಗಳಲ್ಲಿ ಹೆಚ್ಚು ಕೂದಲು ಬೆಳೆಯುವುದು, ಮಕ್ಕಳಾಗದಿರುವುದು ಮೊದಲಾದ ತೊಂದರೆಗಳಿದ್ದ ಆ ಮಹಿಳೆಯರ ಅಂಡಾಶಯಗಳು ದೊಡ್ಡದಾಗಿದ್ದು, ಅವುಗಳ ತುಂಬ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಆ ಗುಳ್ಳೆಗಳನ್ನು ಕಂಡು ಇಟ್ಟ ಹೆಸರು ಹಾಗೆಯೇ ನಿಂತಿತು.

ಈ ಗುಳ್ಳೆಗಳು ನಿಜವಾದ ಅರ್ಥದಲ್ಲಿ ‘ಸಿಸ್ಟ್’ ಅಲ್ಲ. ಪ್ರತಿ ಆರೋಗ್ಯವಂತ ಹೆಣ್ಣಿನ ಅಂಡಾಶಯದಲ್ಲೂ ಅಂಡಾಣುಗಳನ್ನು ಹೊತ್ತ ದ್ರವ ತುಂಬಿದ ಪುಟ್ಟ ಚೀಲಗಳಿರುತ್ತವೆ. ವೈದ್ಯರು ಇವನ್ನು ಫಾಲಿಕಲ್ ಎನ್ನುತ್ತಾರೆ. ತಿಂಗಳಿಗೊಮ್ಮೆ ಇವುಗಳಲ್ಲೊಂದು ದೊಡ್ಡದಾಗಿ ಬೆಳೆದು, ಒಡೆದು, ಅಂಡಾಣುವನ್ನು ಹೊರಬಿಡುತ್ತದೆ. ಪಿಸಿಒಎಸ್‌ನಲ್ಲಿ ಹಾರ್ಮೋನುಗಳ ಏರುಪೇರಿನಿಂದ ಈ ಬೆಳವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಎರಡರಿಂದ ಒಂಬತ್ತು ಮಿಲಿಮೀಟರ್ ಗಾತ್ರದ ಫಾಲಿಕಲ್‌ಗಳು ಹಾಗೆಯೇ ಸಾಲುಗಟ್ಟಿ ಉಳಿಯುತ್ತವೆ. ಅವನ್ನು ಕತ್ತರಿಸಿ ತೆಗೆಯುವ ಅಥವಾ ‘ಕರಗಿಸುವ’ ಪ್ರಶ್ನೆಯೇ ಇಲ್ಲ. ಅವು ಕಾಯಿಲೆಯ ಕಾರಣವಲ್ಲ, ಪರಿಣಾಮ. ಬಹುತೇಕರಲ್ಲಿ ಕಾರಣ ಇರುವುದು ಆಂಡ್ರೋಜೆನ್ ಎಂಬ ಪುರುಷ ಹಾರ್ಮೋನಿನ ಹೆಚ್ಚಳ ಹಾಗೂ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರಲ್ಲಿ. ವಂಶವಾಹಿಗಳ ಪಾತ್ರವೂ ಇದರಲ್ಲಿದೆ.

ಈ ಹೆಸರು ರೋಗಿಗಳನ್ನೂ ವೈದ್ಯರನ್ನೂ ದಾರಿ ತಪ್ಪಿಸುತ್ತಿದೆ, ಬದಲಿಸುವುದು ಒಳಿತು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2012ರಲ್ಲಿ ಕರೆದಿದ್ದ ತಜ್ಞರ ಸಮಿತಿಯೇ ಶಿಫಾರಸು ಮಾಡಿತ್ತು ಎಂಬುದು ಗಮನಾರ್ಹ.

ಮಾನದಂಡ ಬದಲಾದಂತೆ ಸಂಖ್ಯೆಯೂ ಬದಲು

ಕಾಯಿಲೆಯನ್ನು ಗುರುತಿಸುವ ಮಾನದಂಡ ಮೂರು ದಶಕಗಳಲ್ಲಿ ಹಲವು ಬಾರಿ ಬದಲಾಗಿದೆ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ರೂಪುಗೊಂಡ ಮಾನದಂಡದಲ್ಲಿ ಸ್ಕ್ಯಾನಿಂಗ್‌ಗೆ ಜಾಗವೇ ಇರಲಿಲ್ಲ. ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನಿನ ಹೆಚ್ಚಳ ಎರಡೂ ಇದ್ದರೆ, ಹಾಗೂ ಇತರ ಕಾರಣಗಳು ಇಲ್ಲವೆಂದಾದರೆ ಪಿಸಿಒಎಸ್ ಎಂದು ಪರಿಗಣಿಸಲಾಗುತ್ತಿತ್ತು. 2003ರಲ್ಲಿ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಇದಕ್ಕೆ ಮೂರನೆಯ ಅಂಶವಾಗಿ ಸ್ಕ್ಯಾನ್ ಚಿತ್ರವನ್ನು ಸೇರಿಸಿದರು. ಮೂರರಲ್ಲಿ ಯಾವುದೇ ಎರಡು ಇದ್ದರೆ ಸಾಕು ಎಂಬುದು ಅಂದಿನ ನಿರ್ಣಯ. ಒಂದು ಅಂಡಾಶಯದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಫಾಲಿಕಲ್‌ಗಳಿದ್ದರೆ, ಇಲ್ಲವೇ ಅದರ ಗಾತ್ರ 10 ಮಿಲಿಲೀಟರ್ ಮೀರಿದರೆ ಅದು ಪಾಲಿಸಿಸ್ಟಿಕ್ ಎಂದು ಲೆಕ್ಕ ಹಾಕಲಾಯಿತು. 2006ರಲ್ಲಿ ಆಂಡ್ರೋಜೆನ್ ತಜ್ಞರ ಸಂಘಟನೆಯೊಂದು ಇದನ್ನು ಪೂರ್ತಿಯಾಗಿ ಒಪ್ಪದೆ, ಪುರುಷ ಹಾರ್ಮೋನಿನ ಹೆಚ್ಚಳ ಇರಲೇಬೇಕು ಎಂದು ವಾದಿಸಿತು.

ಈ ವ್ಯತ್ಯಾಸದ ಪರಿಣಾಮವೇನು ಎಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಹಲವು ಭಾಗಗಳಲ್ಲಿ 18ರಿಂದ 40 ವರ್ಷದೊಳಗಿನ 9,824 ಮಹಿಳೆಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. 1990ರ ಮಾನದಂಡದ ಪ್ರಕಾರ ಅವರಲ್ಲಿ ಶೇ 7.2ರಷ್ಟು ಮಂದಿಗೆ ಪಿಸಿಒಎಸ್ ಇತ್ತು. 2006ರ ಮಾನದಂಡ ಅನ್ವಯಿಸಿದರೆ ಶೇ 13.6. ರೋಟರ್‌ಡ್ಯಾಮ್ ಮಾನದಂಡ ಅನ್ವಯಿಸಿದರೆ ಶೇ 19.6! ಮಹಿಳೆಯರು ಅವರೇ, ದೇಹಗಳು ಅವೇ. ಅಳತೆಗೋಲು ಬದಲಾದೊಡನೆ ಕಾಯಿಲೆಯವರ ಸಂಖ್ಯೆ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ರೋಟರ್‌ಡ್ಯಾಮ್ ಮಾನದಂಡದಿಂದ ಹೆಚ್ಚುವರಿಯಾಗಿ ಪಟ್ಟಿಗೆ ಸೇರುವವರೆಲ್ಲರೂ ಸ್ಕ್ಯಾನ್ ಚಿತ್ರದ ಬಲದಿಂದ ಒಳಬಂದವರು ಎಂಬುದನ್ನು ಮರೆಯುವಂತಿಲ್ಲ.

ಹಾಗೆಂದ ಮಾತ್ರಕ್ಕೆ ಅವರಲ್ಲಿ ತೊಂದರೆಯೇ ಇಲ್ಲವೆಂದು ಹೇಳಲಾಗದು. ಆದರೆ ಇಷ್ಟೊಂದು ಜನರ ನಿರ್ಣಯ ಒಂದು ಚಿತ್ರದ ಮೇಲೆ ನಿಂತಿರುವಾಗ ಆ ಚಿತ್ರ ಎಷ್ಟು ನಂಬಲರ್ಹ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಯಂತ್ರ ಚುರುಕಾದಷ್ಟೂ ಗುಳ್ಳೆ ಹೆಚ್ಚು

1980ರ ದಶಕದಲ್ಲಿ ಲಂಡನ್ನಿನ ತಜ್ಞರು ಸ್ಕ್ಯಾನಿಂಗ್ ಮೂಲಕ ಪಾಲಿಸಿಸ್ಟಿಕ್ ಅಂಡಾಶಯ ಗುರುತಿಸಲು ಹೊರಟಾಗ 10 ಫಾಲಿಕಲ್‌ಗಳ ಮಿತಿ ಇಟ್ಟುಕೊಂಡಿದ್ದರು. ಆಗಲೇ ಒಂದು ಅಚ್ಚರಿಯ ಸಂಗತಿ ಹೊರಬಿತ್ತು. ತಮಗೆ ಯಾವ ತೊಂದರೆಯೂ ಇಲ್ಲವೆಂದು ಹೇಳಿದ 257 ಸ್ವಯಂಸೇವಕಿಯರನ್ನು ಪರೀಕ್ಷಿಸಿದ ಅಧ್ಯಯನ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಐವರಲ್ಲೊಬ್ಬರಿಗಿಂತ ಹೆಚ್ಚು ಮಂದಿಯ ಅಂಡಾಶಯ ‘ಪಾಲಿಸಿಸ್ಟಿಕ್’ ಆಗಿತ್ತು. ರೋಟರ್‌ಡ್ಯಾಮ್‌ನ 12ರ ಮಿತಿ ಬಂದ ನಂತರ, ಅಂಡೋತ್ಪತ್ತಿ ಸರಿಯಾಗಿರುವ 262 ಅಮೆರಿಕನ್ ಮಹಿಳೆಯರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 32ರಷ್ಟು ಮಂದಿ ಈ ಲೆಕ್ಕಕ್ಕೆ ಸಿಕ್ಕಿಬಿದ್ದರು. ವಯಸ್ಸು ಕಡಿಮೆಯಿದ್ದಷ್ಟೂ ಈ ಪ್ರಮಾಣ ಹೆಚ್ಚಾಗಿತ್ತು.

ಕಾರಣ ಸರಳ. ಸ್ಕ್ಯಾನಿಂಗ್ ಯಂತ್ರಗಳು ವರ್ಷದಿಂದ ವರ್ಷಕ್ಕೆ ಸೂಕ್ಷ್ಮವಾಗುತ್ತಿವೆ. ಹಿಂದೆ ಕಾಣದಿದ್ದ ಎರಡು ಮೂರು ಮಿಲಿಮೀಟರಿನ ಫಾಲಿಕಲ್‌ಗಳೂ ಈಗ ಕಾಣುತ್ತವೆ. ಮಿತಿ ಮಾತ್ರ ಹಳೆಯದೇ ಉಳಿದರೆ ಆರೋಗ್ಯವಂತರೂ ರೋಗಿಗಳಾಗುವುದು ಅನಿವಾರ್ಯ. ಇದನ್ನರಿತೇ 2014ರಲ್ಲಿ ತಜ್ಞರ ತಂಡವೊಂದು ಹೊಸ ಯಂತ್ರಗಳಿಗೆ 25 ಫಾಲಿಕಲ್‌ಗಳ ಮಿತಿ ಸೂಚಿಸಿತು. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ಪ್ರೊ. ಹೆಲೆನಾ ಟೀಡ್ ನೇತೃತ್ವದಲ್ಲಿ ಸಿದ್ಧವಾದ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ 20 ಎಂದು ನಿಗದಿಪಡಿಸಿತು. 2023ರ ಪರಿಷ್ಕೃತ ಮಾರ್ಗಸೂಚಿಯೂ ವಯಸ್ಕರಿಗೆ ಅದನ್ನೇ ಉಳಿಸಿಕೊಂಡಿದೆ. ಈಗಲೂ ‘12ಕ್ಕಿಂತ ಹೆಚ್ಚು’ ಎಂಬ ಹಳೆಯ ಲೆಕ್ಕದ ಮೇಲೆ ವರದಿ ಬರೆದರೆ ಅದು ಎರಡು ದಶಕ ಹಿಂದಿನ ಕನ್ನಡಕದಲ್ಲಿ ಇಂದಿನ ಚಿತ್ರ ನೋಡಿದಂತೆ.

ಒಂದು ಮಿಲಿಮೀಟರಿನ ಅಂತರ

ಫಾಲಿಕಲ್ ಎಣಿಕೆ ಕಷ್ಟವಾದಾಗ ಅಂಡಾಶಯದ ಗಾತ್ರ ಅಳೆಯುತ್ತಾರೆ. ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ, ಬಂದ ಮೊತ್ತವನ್ನು ಸುಮಾರು 0.52ರಿಂದ ಮತ್ತೆ ಗುಣಿಸುವುದು ರೂಢಿ. ಒಬ್ಬ ಯುವತಿಯ ಅಂಡಾಶಯ 3.5, 2.5 ಮತ್ತು 2.2 ಸೆಂಟಿಮೀಟರ್ ಇದೆಯೆಂದುಕೊಳ್ಳೋಣ. ಗಾತ್ರ 10 ಮಿಲಿಲೀಟರಿಗೆ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ವರದಿಯಲ್ಲಿ ‘ಪಾಲಿಸಿಸ್ಟಿಕ್’ ಎಂದು ದಾಖಲಾಗುತ್ತದೆ. ಅದೇ ದಪ್ಪವನ್ನು ಇನ್ನೊಬ್ಬರು 2.1 ಎಂದು ಅಳೆದರೆ ಗಾತ್ರ 9.6 ಮಿಲಿಲೀಟರ್. ಆಗ ಅದೇ ಅಂಡಾಶಯ ಸಹಜ! ಪರದೆಯ ಮೇಲೆ ಗುರುತಿನ ಚುಕ್ಕೆಯನ್ನು ಒಂದು ಮಿಲಿಮೀಟರ್ ಆಚೀಚೆ ಇಟ್ಟದ್ದೇ ಇಷ್ಟಕ್ಕೆಲ್ಲ ಕಾರಣ.

ಸ್ಕ್ಯಾನ್ ಮಾಡುವ ದಿನವೂ ಮುಖ್ಯ. ಆ ತಿಂಗಳು ಒಂದು ಫಾಲಿಕಲ್ ಬೆಳೆದು 10 ಮಿಲಿಮೀಟರ್ ದಾಟಿದ್ದರೆ, ಇಲ್ಲವೇ ಅಂಡಾಣು ಆಗಷ್ಟೇ ಬಿಡುಗಡೆಯಾಗಿದ್ದರೆ ಅಂಡಾಶಯ ಸಹಜವಾಗಿಯೇ ದೊಡ್ಡದಾಗಿ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಗಾತ್ರದ ಲೆಕ್ಕ ಹಿಡಿಯುವಂತಿಲ್ಲ, ಮತ್ತೊಂದು ಋತುಚಕ್ರದಲ್ಲಿ ಪುನಃ ನೋಡಬೇಕು. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದರೆ ಅಂಡಾಶಯ ಚಿಕ್ಕದಾಗುವ ಸಾಧ್ಯತೆಯಿದೆ. ಕೊನೆಯ ಮುಟ್ಟಿನ ದಿನಾಂಕ ಮತ್ತು ಮಾತ್ರೆಯ ವಿವರವನ್ನೇ ಕೇಳದೆ ಕೊಟ್ಟ ವರದಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಅವಿವಾಹಿತೆಯರ ಪ್ರಶ್ನೆ

ಶ್ರೋಣಿಭಾಗದ ಸ್ಕ್ಯಾನಿಂಗ್‌ನಲ್ಲಿ ಎರಡು ವಿಧ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ನೋಡುವುದು ಒಂದು. ಯೋನಿಮಾರ್ಗದಲ್ಲಿ ತೆಳುವಾದ ಉಪಕರಣ ಇರಿಸಿ ಹತ್ತಿರದಿಂದ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಚಿತ್ರ ಹೆಚ್ಚು ನಿಚ್ಚಳ. 20 ಫಾಲಿಕಲ್‌ಗಳ ಎಣಿಕೆ ನಂಬಲರ್ಹವಾಗುವುದು ಈ ವಿಧಾನದಲ್ಲೇ. ಆದರೆ ನಮ್ಮಲ್ಲಿ ಅವಿವಾಹಿತ ಯುವತಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡಲಾಗುತ್ತದೆ. ಅದು ಸರಿಯೂ ಹೌದು. ಲೈಂಗಿಕ ಸಂಪರ್ಕ ಹೊಂದಿರದವರಿಗೆ ಅಥವಾ ಮನಸ್ಸಿಲ್ಲದವರಿಗೆ ಒಳಗಿನ ಪರೀಕ್ಷೆ ಒತ್ತಾಯಿಸುವಂತಿಲ್ಲ.

ತೊಡಕು ಇರುವುದು ಬೇರೆಡೆ. ಹೊಟ್ಟೆಯ ಮೇಲಿನಿಂದ ನೋಡಿದಾಗ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ, ಕೊಬ್ಬಿನ ಪದರ ದಾಟಿ ಬರುವ ಚಿತ್ರ ಮಸುಕಾಗಿರುತ್ತದೆ. ಇಂಥ ಸ್ಕ್ಯಾನ್‌ನಲ್ಲಿ ಒಟ್ಟು ಫಾಲಿಕಲ್‌ಗಳ ಎಣಿಕೆಯನ್ನು ನೆಚ್ಚಿಕೊಳ್ಳದೆ ಅಂಡಾಶಯದ ಗಾತ್ರ 10 ಮಿಲಿಲೀಟರ್ ಮುಟ್ಟಿದೆಯೇ, ಅಥವಾ ಒಂದೇ ಅಡ್ಡನೋಟದಲ್ಲಿ 10 ಫಾಲಿಕಲ್‌ಗಳು ಕಾಣುತ್ತವೆಯೇ ಎಂದಷ್ಟೇ ನೋಡಬೇಕು ಎನ್ನುತ್ತದೆ 2023ರ ಮಾರ್ಗಸೂಚಿ. ಸಂಖ್ಯೆಗಳನ್ನು ಕೊಡದೆ ‘ಎರಡೂ ಅಂಡಾಶಯಗಳು ಪಾಲಿಸಿಸ್ಟಿಕ್’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ ವರದಿಯಿಂದ ವೈದ್ಯರಿಗೂ ಪ್ರಯೋಜನವಿಲ್ಲ, ರೋಗಿಗೂ ಇಲ್ಲ.

ಹದಿಹರೆಯದವರಿಗೆ ಈ ಅಳತೆ ಸಲ್ಲದು

ಅತಿ ಹೆಚ್ಚು ಆತಂಕ ಪಡುವವರು ಹೈಸ್ಕೂಲು, ಪಿಯುಸಿ ಓದುವ ಹೆಣ್ಣುಮಕ್ಕಳ ತಾಯಂದಿರು. ಮೈನೆರೆದು ವರ್ಷವಾದರೂ ಮುಟ್ಟು ಸರಿಹೋಗಿಲ್ಲವೆಂದು ಮಗಳನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ಯುತ್ತಾರೆ. ಆ ವಯಸ್ಸಿನಲ್ಲಿ ಅಂಡಾಶಯ ದೊಡ್ಡದಾಗಿ, ಫಾಲಿಕಲ್‌ಗಳಿಂದ ತುಂಬಿರುವುದು ಬೆಳವಣಿಗೆಯ ಸಹಜ ಹಂತ. ಋತುಮತಿಯಾದ ಎಂಟು ವರ್ಷಗಳೊಳಗೆ ಸ್ಕ್ಯಾನ್ ಚಿತ್ರವನ್ನು ಪಿಸಿಒಎಸ್ ನಿರ್ಣಯಕ್ಕೆ ಬಳಸಬಾರದು ಎಂದು 2018ರ ಮಾರ್ಗಸೂಚಿ ಹೇಳಿದ್ದು ಇದೇ ಕಾರಣಕ್ಕೆ. 13ನೇ ವಯಸ್ಸಿನಲ್ಲಿ ಮೈನೆರೆದ ಹುಡುಗಿಗೆ 21 ತುಂಬುವವರೆಗೆ ಈ ಅಳತೆ ಅನ್ವಯಿಸದು ಎಂದಾಯಿತು.

ಹಾಗಾದರೆ ಯಾವುದು ಅಸಹಜ? ಮೈನೆರೆದ ಮೊದಲ ವರ್ಷ ಮುಟ್ಟು ಹೇಗಿದ್ದರೂ ಅದು ಸಹಜವೆಂದೇ ಲೆಕ್ಕ. ಒಂದರಿಂದ ಮೂರು ವರ್ಷದವರೆಗೆ 21 ದಿನಕ್ಕಿಂತ ಮೊದಲು ಅಥವಾ 45 ದಿನಕ್ಕಿಂತ ತಡವಾಗಿ ಬರುತ್ತಿದ್ದರೆ ಗಮನಿಸಬೇಕು. ಮೂರು ವರ್ಷಗಳ ನಂತರ 21ಕ್ಕಿಂತ ಕಡಿಮೆ ಇಲ್ಲವೇ 35ಕ್ಕಿಂತ ಹೆಚ್ಚು ದಿನಗಳ ಅಂತರ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು ಇದ್ದರೆ ಏರುಪೇರು ಎನ್ನಬಹುದು. ಮೊದಲ ವರ್ಷ ಕಳೆದ ಮೇಲೆ ಯಾವುದೇ ಒಂದು ಚಕ್ರ 90 ದಿನ ಮೀರಿದರೂ ವೈದ್ಯರನ್ನು ಕಾಣಬೇಕು. 15 ವರ್ಷವಾದರೂ ಮೈನೆರೆಯದಿದ್ದರೆ ತಪಾಸಣೆ ಅಗತ್ಯ. ಹದಿಹರೆಯದಲ್ಲಿ ಈ ಏರುಪೇರಿನ ಜತೆಗೆ ಪುರುಷ ಹಾರ್ಮೋನಿನ ಹೆಚ್ಚಳವೂ ಇದ್ದರೆ ಮಾತ್ರ ಪಿಸಿಒಎಸ್ ಎನ್ನಬೇಕು. ಒಂದೇ ಇದ್ದರೆ ‘ಸಂಭವವಿರುವವರು’ ಎಂದು ಗುರುತಿಸಿ, ತೊಂದರೆಗೆ ತಕ್ಕ ಚಿಕಿತ್ಸೆ ಕೊಟ್ಟು, ಕೆಲವು ವರ್ಷಗಳ ನಂತರ ಮತ್ತೆ ಪರಿಶೀಲಿಸಬೇಕು.

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಆಂಧ್ರದ ಅನಂತಪುರದಲ್ಲಿ 15ರಿಂದ 18 ವರ್ಷದ 460 ವಿದ್ಯಾರ್ಥಿನಿಯರ ಅಧ್ಯಯನ ನಡೆಸಿದ್ದರು. 2011ರಲ್ಲಿ ಪ್ರಕಟವಾದ ಅದರ ಪ್ರಕಾರ ರೋಟರ್‌ಡ್ಯಾಮ್ ಮಾನದಂಡದಲ್ಲಿ ಶೇ 9.13ರಷ್ಟು ಮಂದಿಗೆ ಪಿಸಿಒಎಸ್ ಇತ್ತು. ದಕ್ಷಿಣ ಭಾರತದ ಹದಿಹರೆಯದವರ ಬಗ್ಗೆ ಬಂದ ಆರಂಭದ ಅಂಕಿಅಂಶಗಳಲ್ಲೊಂದಾದ್ದರಿಂದ ಇದು ಪದೇ ಪದೇ ಉಲ್ಲೇಖವಾಗುತ್ತದೆ. ಇಂದಿನ ಮಾರ್ಗಸೂಚಿಯಡಿ ಆ ವಯಸ್ಸಿನವರಿಗೆ ಸ್ಕ್ಯಾನ್ ಚಿತ್ರ ಲೆಕ್ಕಕ್ಕೆ ಬಾರದು. ಆದ್ದರಿಂದ ಆ ಹಳೆಯ ಪ್ರಮಾಣವನ್ನು ಇಂದಿನ ಹುಡುಗಿಯರಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು.

ಕಾಯ್ದೆಯ ಕಣ್ಣು ಬೇರೆಡೆ

ಸ್ಕ್ಯಾನಿಂಗ್ ಸೆಂಟರುಗಳ ಮೇಲೆ ದೇಶದಲ್ಲಿ ಬಿಗಿಯಾದ ಕಾನೂನಿಲ್ಲವೆಂದಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ರೂಪಿಸಿ, 1996ರ ಜನವರಿ 1ರಿಂದ ಜಾರಿಗೆ ಬಂದು, 2003ರಲ್ಲಿ ಮತ್ತಷ್ಟು ಬಿಗಿಗೊಂಡ ಕಾಯ್ದೆಯಡಿ ಪ್ರತಿ ಸೆಂಟರೂ ನೋಂದಣಿಯಾಗಿರಬೇಕು. ಗರ್ಭಿಣಿಯರ ಪ್ರತಿ ಸ್ಕ್ಯಾನಿಗೂ ‘ನಮೂನೆ ಎಫ್’ ಭರ್ತಿ ಮಾಡಬೇಕು. ಅದರಲ್ಲಿನ ಲೋಪವನ್ನು ಕೇವಲ ಗುಮಾಸ್ತಿಕೆಯ ತಪ್ಪೆಂದು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಇಷ್ಟಾದರೂ 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆ ಜಾಲ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಸಂಗತಿ ನಾಡನ್ನೇ ಬೆಚ್ಚಿಬೀಳಿಸಿತು. ಕಾಯ್ದೆಯ ಬಿಗಿ ಎಷ್ಟು ಅಗತ್ಯ ಎಂಬುದಕ್ಕೆ ಅದೇ ಸಾಕ್ಷಿ.

ಆದರೆ ಈ ಕಾಯ್ದೆಯ ಗುರಿ ಒಂದೇ. ಗರ್ಭಿಣಿಯಲ್ಲದ ಮಹಿಳೆಯ ಅಂಡಾಶಯದ ವರದಿ ಹೇಗಿರಬೇಕು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದು ವೃತ್ತಿಪರ ಶಿಸ್ತಿಗೆ ಬಿಟ್ಟ ವಿಷಯ. ಅಂತರರಾಷ್ಟ್ರೀಯ ಮಾರ್ಗಸೂಚಿ ವರದಿಯಲ್ಲಿ ಇರಲೇಬೇಕಾದ ಅಂಶಗಳನ್ನು ಪಟ್ಟಿ ಮಾಡಿದೆ: ಕೊನೆಯ ಮುಟ್ಟಿನ ದಿನಾಂಕ, ಯಾವ ವಿಧಾನದ ಸ್ಕ್ಯಾನ್, ಉಪಕರಣದ ಸಾಮರ್ಥ್ಯ, ಪ್ರತಿ ಅಂಡಾಶಯದ ಗಾತ್ರ, ಫಾಲಿಕಲ್‌ಗಳ ಸಂಖ್ಯೆ, ದೊಡ್ಡ ಫಾಲಿಕಲ್ ಅಥವಾ ನಿಜವಾದ ಸಿಸ್ಟ್ ಇದೆಯೇ ಎಂಬ ವಿವರ ಹಾಗೂ ಗರ್ಭಕೋಶದ ಒಳಪದರದ ದಪ್ಪ. ಇಷ್ಟನ್ನು ಬರೆಯಲು ಹೆಚ್ಚುವರಿ ಯಂತ್ರ ಬೇಕಿಲ್ಲ, ಹೆಚ್ಚುವರಿ ಹಣವೂ ಬೇಕಿಲ್ಲ. ಕೊಂಚ ವ್ಯವಧಾನ ಸಾಕು.

ಹಣೆಪಟ್ಟಿಯ ಹೊರೆ

ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಶಬ್ದತರಂಗ. ಎಕ್ಸ್‌-ರೇಯಂತೆ ವಿಕಿರಣದ ಭಯವಿಲ್ಲ. ಹಾನಿಯೇನಿದ್ದರೂ ಅದು ಕೈಗೆ ಬರುವ ಹಣೆಪಟ್ಟಿಯದು. ಮಾನದಂಡ ಸಡಿಲವಾದಂತೆ ಅಗತ್ಯವಿಲ್ಲದ ಮಹಿಳೆಯರಿಗೂ ಈ ಹಣೆಪಟ್ಟಿ ಅಂಟುತ್ತಿದೆಯೇ ಎಂದು ಆಸ್ಟ್ರೇಲಿಯಾದ ಟೆಸ್ಸಾ ಕಾಪ್ ಮತ್ತು ಸಂಗಡಿಗರು 2017ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಶ್ನಿಸಿದ್ದರು. ಬಂಜೆತನದ ಭಯ, ತನ್ನ ದೇಹದ ಬಗ್ಗೆ ಕೀಳರಿಮೆ, ಖಿನ್ನತೆ ಇವೆಲ್ಲ ಆ ಹಣೆಪಟ್ಟಿಯ ಹಿಂದೆಯೇ ಬರುವ ಸಾಧ್ಯತೆಯಿದೆ ಎಂಬುದು ಅವರ ಕಳಕಳಿ.

ನಮ್ಮ ಸಮಾಜದಲ್ಲಿ ಈ ಹೊರೆ ಇನ್ನೂ ಭಾರ. ವಿವಾಹ ಮಾತುಕತೆಯಲ್ಲಿ ಮುಚ್ಚಿಟ್ಟರೆ ಅಪರಾಧ, ಹೇಳಿದರೆ ಸಂಬಂಧ ಮುರಿಯುವ ಅಂಜಿಕೆ. ‘ಬೇಗ ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ’ ಎಂಬ ಪುಕ್ಕಟೆ ಸಲಹೆಗೆ ಕಿವಿಗೊಟ್ಟು ಹೆಣ್ಣುಮಕ್ಕಳ ಓದನ್ನು ಅರ್ಧಕ್ಕೇ ನಿಲ್ಲಿಸುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಮದುವೆ ಪಿಸಿಒಎಸ್‌ಗೆ ಚಿಕಿತ್ಸೆಯಲ್ಲ. ಪಿಸಿಒಎಸ್ ಇದ್ದರೆ ತಾಯಿಯಾಗಲು ಸಾಧ್ಯವಿಲ್ಲ ಎಂಬುದೂ ಸುಳ್ಳು. ಅಂಡೋತ್ಪತ್ತಿ ತಡವಾಗುವುದರಿಂದ ಗರ್ಭಧಾರಣೆಗೆ ಕೆಲವರಿಗೆ ಹೆಚ್ಚು ಸಮಯ ಹಿಡಿಯಬಹುದು. ಆದರೆ ಬಹುತೇಕರು ಸಹಜವಾಗಿ ಅಥವಾ ಚಿಕಿತ್ಸೆಯ ನೆರವಿನಿಂದ ಮಕ್ಕಳನ್ನು ಪಡೆಯುತ್ತಾರೆ. ಅಂಡೋತ್ಪತ್ತಿಗೆ ನೆರವಾಗುವ ಲೆಟ್ರೋಜೋಲ್ ಎಂಬ ಮಾತ್ರೆಯೇ ಇಂದು ಮೊದಲ ಆಯ್ಕೆಯ ಚಿಕಿತ್ಸೆ. ದುಬಾರಿ ಪ್ರನಾಳ ಶಿಶು ವಿಧಾನದವರೆಗೆ ಹೋಗಬೇಕಾದ ಪ್ರಮೇಯ ಎಲ್ಲರಿಗೂ ಬರುವುದಿಲ್ಲ.

ಕಾಣದೆ ಉಳಿಯುವವರು

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅತ್ತ ಆರೋಗ್ಯವಂತರಿಗೆ ಹಣೆಪಟ್ಟಿ ಅಂಟುತ್ತಿದ್ದರೆ, ಇತ್ತ ನಿಜವಾಗಿ ಕಾಯಿಲೆಯಿರುವವರು ಪತ್ತೆಯಾಗದೆ ಉಳಿಯುತ್ತಿದ್ದಾರೆ. ಜಗತ್ತಿನಲ್ಲಿ ಪಿಸಿಒಎಸ್ ಇರುವ ಮಹಿಳೆಯರಲ್ಲಿ ಶೇ 70ರಷ್ಟು ಮಂದಿಗೆ ಅದು ಗೊತ್ತೇ ಇಲ್ಲದಿರಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಿವಿಧ ದೇಶಗಳ 1,385 ಮಹಿಳೆಯರನ್ನು ಪ್ರಶ್ನಿಸಿದ 2017ರ ಅಧ್ಯಯನವೊಂದರಲ್ಲಿ ಮೂವರಲ್ಲೊಬ್ಬರಿಗೆ ಕಾಯಿಲೆ ಯಾವುದೆಂದು ತಿಳಿಯಲು ಎರಡು ವರ್ಷಕ್ಕಿಂತ ಹೆಚ್ಚು ಸಮಯ ಹಿಡಿದಿತ್ತು. ಅರ್ಧದಷ್ಟು ಮಂದಿ ಮೂವರು ಅಥವಾ ಅದಕ್ಕಿಂತ ಹೆಚ್ಚು ವೈದ್ಯರ ಬಳಿ ಅಲೆದಿದ್ದರು.

ಇದಕ್ಕೂ ಸ್ಕ್ಯಾನಿಂಗ್ ಮೇಲಿನ ಅತಿಯಾದ ಅವಲಂಬನೆಗೂ ಸಂಬಂಧವಿದೆ. ಮುಟ್ಟು ಏರುಪೇರಾಗಿದ್ದು, ಮುಖದಲ್ಲಿ ಒರಟು ಕೂದಲು ಇರುವ ಮಹಿಳೆಯ ಸ್ಕ್ಯಾನ್ ‘ನಾರ್ಮಲ್’ ಬಂದೊಡನೆ ‘ನಿಮಗೇನೂ ಇಲ್ಲ’ ಎಂದು ಕಳುಹಿಸಿದರೆ ಅದು ದೊಡ್ಡ ಲೋಪ. ಆ ಎರಡು ಲಕ್ಷಣಗಳಿದ್ದು, ಇತರ ಕಾರಣಗಳು ಇಲ್ಲವೆಂದು ಖಚಿತವಾದರೆ ಸ್ಕ್ಯಾನ್ ಇಲ್ಲದೆಯೇ ಪಿಸಿಒಎಸ್ ನಿರ್ಣಯವಾಗುತ್ತದೆ. ನಮ್ಮ ಮಹಿಳೆಯರು ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಮಾಡಿಸಿಕೊಂಡೇ ವೈದ್ಯರ ಬಳಿ ಹೋಗುವುದರಿಂದ ಕೂದಲಿನ ಸಮಸ್ಯೆ ಕಣ್ಣಿಗೆ ಬೀಳದೆ ಹೋಗಬಹುದು. ವೈದ್ಯರು ಕೇಳಬೇಕು, ಮಹಿಳೆಯರು ಸಂಕೋಚ ಬಿಟ್ಟು ಹೇಳಬೇಕು.

ಪತ್ತೆಯಾಗದೆ ಉಳಿದರೆ ಆಗುವ ನಷ್ಟ ಚಿಕ್ಕದಲ್ಲ. ಪಿಸಿಒಎಸ್ ಇರುವವರಿಗೆ ಸಕ್ಕರೆ ಕಾಯಿಲೆ, ರಕ್ತದ ಕೊಬ್ಬಿನಂಶ ಮತ್ತು ರಕ್ತದೊತ್ತಡದ ಅಪಾಯ ಹೆಚ್ಚು. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ, ಅಪರೂಪಕ್ಕೆ ಕ್ಯಾನ್ಸರಿಗೆ ದಾರಿಯಾಗಬಹುದು. ಆತಂಕ, ಖಿನ್ನತೆಗಳೂ ಇವರಲ್ಲಿ ಹೆಚ್ಚು. ಇವಾವುವೂ ಅಂಡಾಶಯದ ಚಿತ್ರದಲ್ಲಿ ಕಾಣುವಂಥವಲ್ಲ. ಸ್ಕ್ಯಾನಿಂಗ್‌ಗೆ ಹಣ ಖರ್ಚಾಗಿ, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಸಕ್ಕರೆ ಪರೀಕ್ಷೆ ಉಳಿದುಹೋದರೆ ತಲೆ ಬಿಟ್ಟು ರುಮಾಲು ಹುಡುಕಿದಂತೆ.

ಹಾಗಾದರೆ ಸ್ಕ್ಯಾನ್ ಬೇಡವೇ?

ಬೇಡವೆಂದು ಯಾರೂ ಹೇಳುತ್ತಿಲ್ಲ. ವಯಸ್ಕ ಮಹಿಳೆಯಲ್ಲಿ ಎರಡು ಮುಖ್ಯ ಲಕ್ಷಣಗಳ ಪೈಕಿ ಒಂದೇ ಇದ್ದಾಗ ನಿರ್ಣಯಕ್ಕೆ ಸ್ಕ್ಯಾನ್ ನೆರವಾಗುತ್ತದೆ. ಮುಟ್ಟು ದೀರ್ಘ ಕಾಲ ನಿಂತಾಗ ಗರ್ಭಕೋಶದ ಒಳಪದರ ನೋಡಲು, ಹೊಟ್ಟೆನೋವು ಅಥವಾ ಅತಿ ರಕ್ತಸ್ರಾವಕ್ಕೆ ಗಡ್ಡೆಯೋ ನಿಜವಾದ ಸಿಸ್ಟೋ ಕಾರಣವೇ ಎಂದು ತಿಳಿಯಲು ಅದು ಬೇಕೇ ಬೇಕು. ಪ್ರಶ್ನೆ ಇರುವುದು ಕ್ರಮದಲ್ಲಿ. ಮೊದಲು ಮುಟ್ಟಿನ ಇತಿಹಾಸ ಕೇಳಿ, ಕೂದಲು, ಮೊಡವೆ, ತೂಕ, ರಕ್ತದೊತ್ತಡ ಗಮನಿಸಬೇಕು. ಗರ್ಭಿಣಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮೊದಲಾದ ರಕ್ತಪರೀಕ್ಷೆಗಳಿಂದ ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ಇಷ್ಟಾದ ಮೇಲೂ ಅನುಮಾನ ಉಳಿದರೆ ಸ್ಕ್ಯಾನ್.

ಇತ್ತೀಚೆಗೆ ಎಎಂಎಚ್ ಎಂಬ ರಕ್ತಪರೀಕ್ಷೆಯೂ ಸುದ್ದಿಯಲ್ಲಿದೆ. ವಯಸ್ಕರಲ್ಲಿ ಸ್ಕ್ಯಾನ್ ಬದಲಿಗೆ ಇದನ್ನು ಬಳಸಬಹುದೆಂದು 2023ರ ಮಾರ್ಗಸೂಚಿ ಒಪ್ಪಿದೆ. ಆದರೆ ಅದೊಂದರಿಂದಲೇ ಕಾಯಿಲೆ ನಿರ್ಣಯಿಸುವಂತಿಲ್ಲ, ಹದಿಹರೆಯದವರಿಗೆ ಬಳಸುವಂತಿಲ್ಲ. ಎರಡರಲ್ಲಿ ಒಂದು ಸಾಕು, ಎರಡನ್ನೂ ಮಾಡಿಸಿದರೆ ಇಲ್ಲದ ಕಾಯಿಲೆ ಇದೆಯೆನ್ನುವ ಅಪಾಯ ಹೆಚ್ಚು ಎಂಬ ಎಚ್ಚರಿಕೆಯೂ ಅಲ್ಲೇ ಇದೆ.

ಆಗಬೇಕಾದ್ದೇನು?

ವೈದ್ಯಕೀಯ ಸಂಘಟನೆಗಳು ರಾಜ್ಯದ ಸ್ಕ್ಯಾನಿಂಗ್ ಸೆಂಟರುಗಳಿಗೆ ಏಕರೂಪದ ವರದಿ ನಮೂನೆ ಸಿದ್ಧಪಡಿಸುವುದು ಮೊದಲ ಹೆಜ್ಜೆಯಾಗಬೇಕು. 20 ತುಂಬದವರ ವರದಿಯಲ್ಲಿ ‘ಈ ವಯಸ್ಸಿನಲ್ಲಿ ಇಂಥ ಚಿತ್ರ ಸಹಜವಾಗಿರಬಹುದು’ ಎಂಬ ಒಂದು ವಾಕ್ಯ ಸೇರಿಸಿದರೂ ಎಷ್ಟೋ ಮನೆಗಳ ನೆಮ್ಮದಿ ಉಳಿಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿ ಮುಟ್ಟಿನ ಏರುಪೇರಿನ ಬಗ್ಗೆ ಆಪ್ತಸಲಹೆ ಸಿಗುವಂತಾಗಬೇಕು. ಮುಟ್ಟಿನ ದಿನಾಂಕ ಬರೆದಿಡುವ ಅಭ್ಯಾಸವನ್ನು ಶಾಲೆಯಲ್ಲೇ ಕಲಿಸಬೇಕು. ಆರು ತಿಂಗಳ ಆ ದಿನಾಂಕಗಳ ಪಟ್ಟಿ ವೈದ್ಯರಿಗೆ ಒಂದು ಸ್ಕ್ಯಾನಿಗಿಂತ ಹೆಚ್ಚು ಹೇಳಬಲ್ಲದು, ಅದಕ್ಕೆ ತಗಲುವ ಖರ್ಚು ಒಂದು ಕ್ಯಾಲೆಂಡರ್ ಮಾತ್ರ.

ಮಹಿಳೆಯರೂ ಕೆಲವು ಪ್ರಶ್ನೆ ಕೇಳಲು ಹಿಂಜರಿಯಬಾರದು. ಈ ಸ್ಕ್ಯಾನ್ ಯಾಕೆ, ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ, ವರದಿಯಲ್ಲಿ ಗಾತ್ರ ಮತ್ತು ಸಂಖ್ಯೆ ಎಷ್ಟಿದೆ, ಸಕ್ಕರೆ ಪರೀಕ್ಷೆ ಆಗಿದೆಯೇ ಎಂದು ಕೇಳುವುದು ಅವರ ಹಕ್ಕು. ಉತ್ತರಿಸುವುದು ವೈದ್ಯರ ಕರ್ತವ್ಯ. ಚಿಕಿತ್ಸೆ ಬೇಕಿರುವುದು ಮಹಿಳೆಗೆ, ಆಕೆಯ ಅಂಡಾಶಯದ ಚಿತ್ರಕ್ಕಲ್ಲ ಎಂಬ ಸರಳ ಸತ್ಯ ಸ್ಕ್ಯಾನಿಂಗ್ ಕೊಠಡಿಯಿಂದ ಹಿಡಿದು ವಿವಾಹ ಮಾತುಕತೆಯ ಪಡಸಾಲೆಯವರೆಗೆ ಎಲ್ಲರಿಗೂ ಅರಿವಾದರೆ ಅರ್ಧ ಆತಂಕ ಅಲ್ಲಿಗೇ ಮುಗಿಯುತ್ತದೆ.